ಗ್ಯಾರೇಜ್ ಕಟ್ಟೆ: ಹೊರಟಾಗ ಒಂದು ‘ಟಕ್’, ಕಾಲೆತ್ತಿದಾಗ ಇನ್ನೊಂದು

ಪ್ರಶ್ನೆ: ಸಾರ್, ನಾನು ಹೈಸ್ಕೂಲ್ ಟೀಚರ್. ಮನೆ ತುಮಕೂರಿನ ಕ್ಯಾತ್ಸಂದ್ರ, ಶಾಲೆ ದಾಬಸ್‌ಪೇಟೆ ಕಡೆ. ದಿನಾ ಹೋಗಿ ಬರಲು ಮೂರು ವರ್ಷದ ಹಿಂದೆ ಎಲೆಕ್ಟ್ರಿಕ್ ಕಾರು ತಗೊಂಡೆವು. 41 ಸಾವಿರ ಕಿ.ಮೀ. ಓಡಿದೆ. ಎರಡು ತಿಂಗಳಿಂದ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಮುಂದುಗಡೆಯಿಂದ ‘ಟಕ್’ ಎಂದು ಸದ್ದು ಬರುತ್ತಿದೆ. ಎಕ್ಸಲರೇಟರ್ ಜೋರಾಗಿ ಒತ್ತಿದರೆ ಜೋರಾಗಿ, ಮೆತ್ತಗೆ ಒತ್ತಿದರೆ ಮೆತ್ತಗೆ. ಸರ್ವಿಸ್ ಸೆಂಟರ್‌ನಲ್ಲಿ ಎರಡೂ ಕಡೆ ಸಸ್ಪೆನ್ಶನ್ನಿನ ಲಿಂಕ್ ರಾಡ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಎರಡನೇ ಸಲ ಹೋದಾಗ “ಮೇಡಂ, ಇವಿ ಅಲ್ವಾ, ಇಂಜಿನ್ ಸದ್ದಿಲ್ಲ, ಹಾಗಾಗಿ ಎಲ್ಲಾ ಕೇಳಿಸುತ್ತೆ” ಅಂದರು. ಹಿಂದಿನ ಸೀಟಿನಲ್ಲಿ ಕೂರುವ ನಮ್ಮ ಮಾವನವರು ಮಾತ್ರ ಒಪ್ಪುತ್ತಿಲ್ಲ. ಇದು ಅಪಾಯವೇ? ಗಾಡಿ ಓಡಿಸಬಹುದೇ?
ಓದುಗರು, ಕ್ಯಾತ್ಸಂದ್ರ

ಉತ್ತರ: ಮೇಡಂ, ನಿಮ್ಮ ಪತ್ರಕ್ಕೆ ಕೂತಲ್ಲೇ ಉತ್ತರ ಬರೆಯಬಹುದಿತ್ತು. ಸಿವಿ ಜಾಯಿಂಟ್ ಇರಬಹುದು, ಬುಷ್ ಇರಬಹುದು, ಮೌಂಟ್ ಇರಬಹುದು ಎಂದು ನಾಲ್ಕು ‘ಇರಬಹುದು’ ಪೋಣಿಸಿದರೆ ಅಂಕಣ ತುಂಬುತ್ತದೆ. ಆದರೆ ನನ್ನ ಗ್ಯಾರೇಜ್ ಇರುವುದು ಗುಬ್ಬಿ ಗೇಟ್ ಹತ್ತಿರ. ಊರಿನ ಆ ತುದಿಯಲ್ಲಿ ನೀವು, ಈ ತುದಿಯಲ್ಲಿ ನಾನು. ಅದಕ್ಕೇ ಭಾನುವಾರ ಗಾಡಿ ತನ್ನಿ, ಮಾವನವರನ್ನೂ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದ್ದು. ಆವತ್ತು ನಡೆದದ್ದನ್ನು ಉಳಿದ ಓದುಗರಿಗೂ ಹೇಳುತ್ತೇನೆ. ನಿಮ್ಮ ಕಾರಿನ ಹೆಸರು ಬರೆಯುವುದಿಲ್ಲ. ಈ ಸದ್ದು ಬೇರೆ ಬೇರೆ ಕಂಪನಿಗಳ ಗಾಡಿಗಳಲ್ಲೂ ಬರುತ್ತದೆ. ಒಬ್ಬರ ಹೆಸರು ಹೇಳಿದರೆ ಉಳಿದವರು ನಮ್ಮದು ಚೆನ್ನಾಗಿದೆ ಅಂದುಕೊಂಡು ಸುಮ್ಮನಾಗಿಬಿಡುತ್ತಾರೆ.

ಮೊದಲು ಸರ್ವಿಸ್ ಸೆಂಟರ್‌ನವರ ಮಾತಿನ ಬಗ್ಗೆ. ಅವರು ಹೇಳಿದ್ದು ಅರ್ಧ ನಿಜ. ಡೀಸೆಲ್ ಗಾಡಿಯಲ್ಲಿ ಇಂಜಿನ್ನೇ ಒಂದು ಬ್ಯಾಂಡ್‌ಸೆಟ್. ಅದರ ಗಲಾಟೆಯಲ್ಲಿ ಚಿಕ್ಕಪುಟ್ಟ ಸದ್ದುಗಳು ಮುಚ್ಚಿಹೋಗುತ್ತವೆ. ಇವಿಯಲ್ಲಿ ಆ ಮುಸುಕಿಲ್ಲ, ಎಲ್ಲವೂ ಕೇಳಿಸುತ್ತದೆ. ಅಲ್ಲಿಗೆ ಅವರ ಅರ್ಧ ಮುಗಿಯಿತು. ಮೂರು ವರ್ಷ ಇಲ್ಲದ ಸದ್ದು ಈಗ ಯಾಕೆ ಬಂತು ಅನ್ನುವುದು ಉಳಿದರ್ಧ. ಇಂಜಿನ್ ಮೊದಲ ದಿನವೂ ಇರಲಿಲ್ಲ ಅಲ್ವಾ?

ಗಾಡಿ ಬಂದ ಕೂಡಲೇ ನಾನು ಕೈಹಾಕಿದ್ದು ಚಕ್ರಕ್ಕಲ್ಲ, ಡಿಕ್ಕಿಗೆ. ಸದ್ದಿನ ಕೇಸು ಬಂದರೆ ಗಾಡಿ ಪೂರ್ತಿ ಖಾಲಿ ಮಾಡಿಸುವುದು ನನ್ನ ಅಭ್ಯಾಸ. ಒಂದು ಕೊಡೆ, ಎರಡು ಟಿಫನ್ ಕ್ಯಾರಿಯರ್, ನೆಟ್ಟಗೆ ಕೂರದ ಜಾಕಿ, ನೋಟ್‌ಬುಕ್ಕಿನ ಕಟ್ಟುಗಳು ಹೊರಗೆ ಬಂದವು. ಹಿಂದಿನ ಬಾಗಿಲಿನ ಜೇಬಿನಲ್ಲಿ ಮಾವನವರ ಎಲೆ ಅಡಿಕೆ ಚೀಲ, ಅದರೊಳಗೆ ಅಡಕತ್ತರಿ. ನಮ್ಮ ಹುಡುಗ ಅದನ್ನು ಎತ್ತಿ ಆಡಿಸಿ “ಅಣ್ಣಾ, ಸಿಕ್ತು ಸದ್ದು!” ಅಂದ. ಯಜಮಾನರಿಗೆ, ಅಂದರೆ ಮಾವನವರಿಗೆ, ಸಿಟ್ಟು ಬಂತು. “ಅದು ಕಟ್ ಅನ್ತದೆ. ನಾನು ಹೇಳ್ತಿರೋದು ಟಕ್” ಅಂದರು. ಅವರು ಹೇಳಿದ್ದೇ ಸರಿ. ಅಡಕತ್ತರಿ ತೆಗೆದಿಟ್ಟು ಹೊರಟರೂ ಟಕ್ ಹಾಗೇ ಇತ್ತು.

ನಗಬೇಡಿ, ಇದು ದೊಡ್ಡ ವಿಷಯ. ಹೋದ ವರ್ಷ ಒಬ್ಬರು ಸಸ್ಪೆನ್ಶನ್ ಪೂರ್ತಿ ಬಿಚ್ಚಿಸಿ ಹಾಕಿಸಿದ ಮೇಲೆ ನನ್ನ ಹತ್ತಿರ ಬಂದರು. ಸೀಟಿನಡಿ ಉರುಳಾಡುತ್ತಿದ್ದ ಸ್ಟೀಲ್ ನೀರಿನ ಬಾಟಲಿ ಹಳಿಗೆ ಬಡಿಯುತ್ತಿತ್ತು, ಅಷ್ಟೇ.

ಆಮೇಲೆ ಲೆಕ್ಕ. ಸದ್ದು ಹೇಗಿದೆ ಎಂದು ವರ್ಣಿಸುವುದಕ್ಕಿಂತ ಎಷ್ಟು ಸಲ ಬರುತ್ತದೆ ಎಂದು ಎಣಿಸುವುದರಿಂದ ನನಗೆ ಜಾಸ್ತಿ ಉಪಯೋಗ. ನಿಮ್ಮ ಟೈರು 215/60 ಆರ್ 16. ಅಂದರೆ ಚಕ್ರದ ಅಡ್ಡಳತೆ ಸುಮಾರು 66 ಸೆಂ.ಮೀ., ಒಂದು ಸುತ್ತಿಗೆ ಎರಡು ಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಹತ್ತಿರ ಹತ್ತಿರ ಎರಡೂವರೆ ಸುತ್ತು ಹಾಕುತ್ತದೆ. ಟೈರಿನ ಗೀರಿನಲ್ಲಿ ಜಲ್ಲಿಕಲ್ಲು ಸಿಕ್ಕಿದ್ದರೆ ಅದೇ ಲೆಕ್ಕಕ್ಕೆ ಟಿಕ್ ಟಿಕ್ ಅನ್ನಬೇಕು, ವೇಗ ಏರಿದಂತೆ ಜಾಸ್ತಿ ಆಗಬೇಕು. ವೀಲ್ ಕ್ಯಾಪ್ ಸಡಿಲ ಇದ್ದರೂ ಹಾಗೇ. ಎಕ್ಸಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ. ನಿಮ್ಮದು ಹಾಗಲ್ಲ. ಹೊರಟಾಗ ಒಂದೇ ಒಂದು. ಆಮೇಲೆ ಮೌನ. ಕಾಲೆತ್ತಿದರೆ ಇನ್ನೊಂದು, ಸ್ವಲ್ಪ ಸಣ್ಣದು. ಈ ಎರಡನೆಯದನ್ನು ನೀವು ಪತ್ರದಲ್ಲಿ ಬರೆದಿರಲಿಲ್ಲ. ನಿಮ್ಮ ತಪ್ಪಲ್ಲ, ಗಾಡಿ ಓಡಿಸುವವರ ಗಮನ ಆ ಹೊತ್ತಿಗೆ ಮುಂದಿನ ಬಸ್ಸಿನ ಮೇಲಿರುತ್ತದೆ.

ಸಂತೆಯಂಥ ರಸ್ತೆಯಲ್ಲಿ ಏನೂ ಕೇಳುವುದಿಲ್ಲ. ಅದಕ್ಕೇ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಉದ್ದಕ್ಕೆ ಕಾಂಪೌಂಡ್ ಗೋಡೆ ಇರುವ ಕಡೆ ಹೋದೆವು. ಗೋಡೆ ಒಳ್ಳೇ ಸಾಧನ. ಕಿಟಕಿ ಇಳಿಸಿ ಗೋಡೆ ಪಕ್ಕ ನಿಧಾನಕ್ಕೆ ಹೊರಟರೆ ಆ ಬದಿಯ ಚಕ್ರದ ಸದ್ದು ಗೋಡೆಗೆ ಬಡಿದು ಕಿವಿಗೆ ವಾಪಸ್ ಬರುತ್ತದೆ. ಎಡಕ್ಕೆ ಗೋಡೆ ಇದ್ದಾಗ ಟಕ್ ಜೋರಾಗಿತ್ತು. ತಿರುಗಿಸಿಕೊಂಡು ಬಂದು ಬಲಕ್ಕೆ ಗೋಡೆ ಬಂದಾಗ ಮಂಕಾಯಿತು. ಹುಡುಗನನ್ನು ಎಡ ಮುಂಚಕ್ರದ ಪಕ್ಕ ಒಂದು ಮಾರು ದೂರದಲ್ಲಿ ನಡೆಸಿದೆ. “ಚಕ್ರದ ನಡುಮಧ್ಯದಿಂದಲೇ ಅಣ್ಣಾ” ಅಂದ.

ಇಲ್ಲಿಗೆ ಲಿಂಕ್ ರಾಡ್ ಯಾಕೆ ಅಲ್ಲ ಅನ್ನುವುದು ಗೊತ್ತಾಗುತ್ತದೆ. ಲಿಂಕ್ ರಾಡ್ ಮಾತಾಡುವುದು ಹಳ್ಳ ದಿಣ್ಣೆಯಲ್ಲಿ. ಒಂದು ಚಕ್ರ ಎದ್ದು ಇನ್ನೊಂದು ಬಿದ್ದಾಗ ಅದು ಲೊಟಲೊಟ ಅನ್ನಬೇಕು. ನಿಮ್ಮ ಗಾಡಿ ಹಂಪ್ ಮೇಲೆ ಓರೆಯಾಗಿ ಹತ್ತಿಸಿದರೂ ತೆಪ್ಪಗಿತ್ತು. ಕಾಲಿಟ್ಟರೆ ಮಾತ್ರ ಬರುವ ಸದ್ದಿಗೆ, ಮೋಟಾರಿನ ಬಲ ಚಕ್ರಕ್ಕೆ ಹೋಗುವ ದಾರಿಯಲ್ಲೇ ಹುಡುಕಬೇಕು.

ಆ ದಾರಿ ಇವಿಯಲ್ಲಿ ಬಹಳ ಚಿಕ್ಕದು. ಮೋಟಾರು, ಒಂದೇ ಗೇರಿನ ಪೆಟ್ಟಿಗೆ, ಅಲ್ಲಿಂದ ಚಕ್ರದ ಕಡೆ ಹೋಗುವ ಸರಳು ಅಂದರೆ ಡ್ರೈವ್ ಶಾಫ್ಟ್, ಚಕ್ರವನ್ನು ಕೂರಿಸುವ ಹಬ್, ಚಕ್ರ. ನಡುವೆ ಕ್ಲಚ್ ಇಲ್ಲ. ನಿಮ್ಮಂಥ ಗಾಡಿಯ ಮೋಟಾರು 250 ನ್ಯೂಟನ್ ಮೀಟರ್ ಕೊಡುತ್ತದೆ ಅಂದುಕೊಳ್ಳಿ. ಗೇರು ಅದನ್ನು ಒಂಬತ್ತು ಪಟ್ಟು ಮಾಡಿದರೆ ಎರಡು ಶಾಫ್ಟಿಗೆ ಸೇರಿ 2,250. ಪೆಟ್ರೋಲ್ ಗಾಡಿಯೂ ಮೊದಲ ಗೇರಿನಲ್ಲಿ ಬಡಪಾಯಿ ಏನಲ್ಲ. ಆದರೆ ಅಲ್ಲಿ ಕ್ಲಚ್ ನಡುವೆ ಕೂತು ಆ ಬಲವನ್ನು ನಿಧಾನವಾಗಿ ಬಿಡುತ್ತದೆ. ಇಲ್ಲಿ ನಿಂತ ಚಕ್ರಕ್ಕೇ ಪೂರ್ತಿ ಬಲ. ಕಾಲೆತ್ತಿದ ಕ್ಷಣ ರೀಜನ್ ಶುರು. ಅದೇ ಮೋಟಾರು ಡೈನಮೋ ಥರ ತಿರುಗಿ ಬ್ಯಾಟರಿಗೆ ಕರೆಂಟು ತುಂಬುತ್ತದೆ, ಶಾಫ್ಟನ್ನು ಉಲ್ಟಾ ದಿಕ್ಕಿಗೆ ತಿರುಚುತ್ತದೆ. ಊರೊಳಗೆ ಓಡಿಸಿದರೆ ದಿನಕ್ಕೆ ನೂರಾರು ಸಲ ಹೀಗೆ ಆ ಕಡೆ ಈ ಕಡೆ ತಿರುಚು. ಪೆಟ್ರೋಲ್ ಗಾಡಿಯ ಶಾಫ್ಟಿಗೆ ಈ ಪಾಡು ಇಷ್ಟಿಲ್ಲ.

ಹಾಗಾಗಿ ಮುಂದಿನ ಪರೀಕ್ಷೆ ಸುಲಭವಿತ್ತು. ರೀಜನ್ ಸೊನ್ನೆಗೆ ಇಟ್ಟೆವು. ಮೊದಲ ಸಲ ಹೊರಟಾಗ ಟಕ್. ಕಾಲೆತ್ತಿದಾಗ ಏನೂ ಇಲ್ಲ. ಬ್ರೇಕ್ ಒತ್ತಿ ನಿಲ್ಲಿಸಿ ಎರಡನೇ ಸಲ ಹೊರಟೆವು. ಸದ್ದಿಲ್ಲ. ಮೂರನೇ ಸಲ, ಸದ್ದಿಲ್ಲ. ಮೇಡಂ ಮುಖ ಅರಳಿತು, ಸರಿಹೋಯಿತು ಅಂದುಕೊಂಡರು. ರಿವರ್ಸ್ ಹಾಕಿ ನಾಲ್ಕು ಅಡಿ ಹಿಂದೆ ಬನ್ನಿ ಅಂದೆ. ಟಕ್. ಮತ್ತೆ ಮುಂದೆ, ಟಕ್. ಆಮೇಲೆ ಪುನಃ ಮೌನ.

ಹಿಂದಿನ ಸೀಟಿನಿಂದ ಯಜಮಾನರು, “ಪುಲ್ಲಿ ಕೀ ಸಡಿಲ ಆದಂಗಿದೆ ಕಣಪ್ಪ” ಅಂದರು.

ನಾನು ಗಾಡಿ ನಿಲ್ಲಿಸಿಸಿ ಅವರ ಕಡೆ ತಿರುಗಿದೆ. ಆಗ ಗೊತ್ತಾಯಿತು, ಅವರು ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿ ಮೋಟಾರಿನ ಶಾಫ್ಟಿಗೂ ಪುಲ್ಲಿಗೂ ನಡುವೆ ಒಂದು ಕಬ್ಬಿಣದ ಕೀ ಇರುತ್ತದೆ. ಅದು ಸವೆದು ಕೂದಲೆಳೆಯಷ್ಟು ಜಾಗ ಬಿಟ್ಟರೂ ಸ್ವಿಚ್ ಹಾಕಿದಾಗ ಒಂದು ಟಕ್, ಓಡುವಾಗ ಏನೂ ಇಲ್ಲ, ನಿಲ್ಲುವಾಗ ಇನ್ನೊಂದು. ಬಲ ಒಂದೇ ಕಡೆಗೆ ತಳ್ಳುತ್ತಿರುವವರೆಗೂ ಕೀ ಒಂದು ಗೋಡೆಗೆ ಒರಗಿಕೊಂಡಿರುತ್ತದೆ. ದಿಕ್ಕು ಬದಲಾದರೆ ಈ ಗೋಡೆ ಬಿಟ್ಟು ಆ ಗೋಡೆಗೆ ಬಡಿಯುತ್ತದೆ. ರಾಗಿ ಬೀಸುತ್ತಾ ಕಲಿತ ವಿದ್ಯೆ ಇದು. ಕಂಪ್ಯೂಟರ್ ತಗುಲಿಸಿ ನೋಡಿದವರಿಗೆ ಇದು ಸಿಕ್ಕಿರಲಿಲ್ಲ. ಸಿಗುವುದೂ ಇಲ್ಲ, ಯಾಕೆಂದರೆ ಈ ಸದ್ದಿಗೆ ಯಾವ ಸೆನ್ಸರೂ ಇಲ್ಲ.

ನಿಮ್ಮ ಗಾಡಿಯಲ್ಲಿ ಆಗುತ್ತಿದ್ದದ್ದು ಕೀ ಸಡಿಲಕ್ಕೆ ಅಣ್ಣತಮ್ಮನಂಥದ್ದು. ಡ್ರೈವ್ ಶಾಫ್ಟಿನ ತುದಿ ಹಲ್ಲುಹಲ್ಲಾಗಿರುತ್ತದೆ, ಅದಕ್ಕೆ ಸ್ಪ್ಲೈನ್ ಅನ್ನುತ್ತಾರೆ. ಅದು ಹಬ್‌ನ ಒಳಗೆ ಹಲ್ಲಿಗೆ ಹಲ್ಲು ಕೂತು ಹೊರಗೆ ಬರುತ್ತದೆ. ಹೊರಗಿನಿಂದ ಒಂದು ದೊಡ್ಡ ಆಕ್ಸಲ್ ನಟ್ ಅದನ್ನು ಬಿಗಿಯುತ್ತದೆ. ಬಿಗಿದಾಗ ಶಾಫ್ಟಿನ ಭುಜ ಬೇರಿಂಗಿನ ಒಳಬಳೆಗೆ ಒತ್ತಿ ಕೂರುತ್ತದೆ. ಉಕ್ಕಿಗೆ ಉಕ್ಕು, ಮುಖಕ್ಕೆ ಮುಖ. ಜೋರಾಗಿ ತಿರುಚಿದಾಗ ಆ ಎರಡು ಮುಖಗಳ ನಡುವೆ ಕಣ್ಣಿಗೆ ಕಾಣದಷ್ಟು ಜಾರು ಇರುತ್ತದೆ. ಹೊಸದರಲ್ಲಿ ನುಣುಪಾಗಿ ಜಾರುತ್ತದೆ. ನೀರು, ಧೂಳು, ತುಕ್ಕು ಸೇರಿ ಒಣಗಿದ ಮೇಲೆ ಕಚ್ಚಿಕೊಳ್ಳುತ್ತದೆ. ಬಲ ಏರುತ್ತಾ ಹೋಗಿ ತಡೆಯಲಾರದೆ ಒಮ್ಮೆಗೇ ಜಾರುತ್ತದೆ. ಹೆಬ್ಬೆರಳಿಗೆ ನಡುಬೆರಳು ಒತ್ತಿ ಚಿಟಿಕೆ ಹೊಡೆಯುತ್ತೇವಲ್ಲ, ಅದೇ. ಒತ್ತಿ ಹಿಡಿದಷ್ಟು ಹೊತ್ತು ಸದ್ದಿಲ್ಲ, ಜಾರಿದ ಗಳಿಗೆಗೆ ಟಕ್. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಚಿಟಿಕೆ ಹೊಡೆದು ನೋಡಿ. ಬರುವುದಿಲ್ಲ. ರಿಪೇರಿಯೂ ಅಷ್ಟೇ.

ಮಾಡಿದ್ದು ಹೀಗೆ. ಗಾಡಿ ಪೂರ್ತಿ ಆಫ್ ಮಾಡಿ ಕೀಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಇದನ್ನು ಮರೆಯಬಾರದು. ಇವಿ ಆನ್ ಆಗಿದೆಯೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ಕೆಳಗೆ ಕೈಯಿದ್ದಾಗ ಯಾರಾದರೂ ಕಾಲಿಟ್ಟರೆ ಕಥೆ ಮುಗಿಯಿತು. ಜಾಕಿಯನ್ನು ಕಂಪನಿ ಗುರುತು ಮಾಡಿರುವ ಜಾಗಕ್ಕೇ ಕೊಟ್ಟೆವು, ಹೊಟ್ಟೆಯ ಕೆಳಗೆ ಉದ್ದಕ್ಕೂ ಬ್ಯಾಟರಿ ಮಲಗಿದೆ. ಕಿತ್ತಳೆ ಬಣ್ಣದ ವೈರುಗಳ ಹತ್ತಿರ ಯಾವ ಸ್ಪ್ಯಾನರನ್ನೂ ಒಯ್ಯಲಿಲ್ಲ. ಆ ಬಣ್ಣ ಇಟ್ಟಿರುವುದೇ ಮುಟ್ಟಬೇಡ ಎನ್ನಲು, ಒಳಗೆ ಹರಿಯುವುದು ನೂರಾರು ವೋಲ್ಟ್. ಈ ಕೆಲಸಕ್ಕೆ ಅವುಗಳ ತಂಟೆಗೆ ಹೋಗುವ ಅಗತ್ಯವೂ ಇಲ್ಲ.

ಒಳಗೆ ಹುಡುಗ ಬ್ರೇಕ್ ಒತ್ತಿ ಹಿಡಿದ. 32ರ ಸಾಕೆಟ್ಟು, ಉದ್ದದ ರಾಡು. ನಟ್ಟಿನ ಅಂಚನ್ನು ಶಾಫ್ಟಿನ ಗೀರಿನೊಳಕ್ಕೆ ಮಡಿಸಿ ಲಾಕ್ ಮಾಡಿದ್ದರು. ಮೊದಲು ಆ ಮಡಿಕೆ ಎತ್ತಿ, ಆಮೇಲೆ ನಟ್ ಬಿಚ್ಚಿದೆವು. ಶಾಫ್ಟ್ ಸ್ವಲ್ಪ ಒಳಕ್ಕೆ ತಳ್ಳಿದಾಗ ಕಂಡದ್ದು ಕುಂಕುಮ ಉದುರಿದ ಹಾಗೆ ಕೆಂಪು ಪುಡಿ. ಉಕ್ಕಿಗೆ ಉಕ್ಕು ಉಜ್ಜಿ ಬರುವ ತುಕ್ಕು ಅದು. ಭುಜದ ಮೇಲೆ ಬಳೆಯಾಕಾರದಲ್ಲಿ ಹೊಳೆಯುವ ಕಲೆ. ಸಾಕ್ಷಿ ಸಿಕ್ಕಿತು. ಯಜಮಾನರನ್ನು ಕರೆದು ತೋರಿಸಿದೆ. ಅವರು ಬೆರಳಿನಿಂದ ಪುಡಿ ಒರೆಸಿ ಸೊಸೆಗೆ ತೋರಿಸಿದರು, ಏನೂ ಮಾತಾಡಲಿಲ್ಲ.

ಒರೆಸಿ, ಬ್ರಷ್ ಹಾಕಿ, ಪೂರ್ತಿ ಒಣಗಿಸಿ, ಭುಜದ ಮುಖಕ್ಕೂ ಸ್ಪ್ಲೈನಿಗೂ ಮಾಲಿಬ್ಡಿನಂ ಪೇಸ್ಟ್ ತೆಳ್ಳಗೆ ಹಚ್ಚಿದೆ. ತೆಳ್ಳಗೆ ಅಂದರೆ ದೋಸೆ ಹೆಂಚಿಗೆ ಈರುಳ್ಳಿಯಲ್ಲಿ ಎಣ್ಣೆ ಸವರಿದಷ್ಟು. ಮೆತ್ತಿದರೆ ಅದು ಬೇರಿಂಗಿನ ಸೀಲಿಗೂ ಬ್ರೇಕ್ ಡಿಸ್ಕಿಗೂ ಹೋಗಿ ಹೊಸ ಕಷ್ಟ ತರುತ್ತದೆ. ನಟ್ ಹೊಸದೇ ಹಾಕಬೇಕು. ಹಳೆಯದರ ಅಂಚು ಒಮ್ಮೆ ಮಡಿಸಿದ ಮೇಲೆ ಅದರ ಆಯುಸ್ಸು ಮುಗಿಯಿತು. ಬಿಗಿಯುವುದು ಟಾರ್ಕ್ ರೆಂಚಿನಲ್ಲಿ, ಆ ಗಾಡಿಯ ಪುಸ್ತಕದಲ್ಲಿ ಬರೆದ ಅಂಕಿಗೆ. ಈ ನಟ್ಟುಗಳ ಅಂಕಿ ಸಾಮಾನ್ಯವಾಗಿ ವೀಲ್ ನಟ್ಟಿಗಿಂತ ಬಹಳ ಜಾಸ್ತಿ ಇರುತ್ತದೆ, ಗಾಡಿಯಿಂದ ಗಾಡಿಗೆ ಬೇರೆ. ಗನ್ ಇಟ್ಟು ಘರ್ರ್ ಅನ್ನಿಸಿ ಮುಗಿಸುವ ಕೆಲಸ ಇದಲ್ಲ. ಆ ನಟ್ಟೇ ಹಬ್ ಬೇರಿಂಗನ್ನು ಒತ್ತಿ ಹಿಡಿದಿರುವುದು. ಸಡಿಲ ಇಟ್ಟು ಚಕ್ರವನ್ನು ನೆಲಕ್ಕೆ ಇಳಿಸಿ ಗಾಡಿ ಉರುಳಿಸಿದರೂ ಬೇರಿಂಗ್ ಕೆಡಬಹುದು. ಕೊನೆಗೆ ನಟ್, ಶಾಫ್ಟ್, ಹಬ್ ಮೂರಕ್ಕೂ ಸೇರಿಸಿ ಬಿಳಿ ಪೇಂಟಿನ ಒಂದು ಗೆರೆ ಎಳೆದೆ. ಗೆರೆ ಮುರಿದರೆ ನಟ್ ಕದಲಿದೆ ಅಂತ ಅರ್ಥ.

ಒಂದೂವರೆ ಗಂಟೆ ಹಿಡಿಯಿತು. ಮತ್ತೆ ಅದೇ ಗೋಡೆ ಪಕ್ಕಕ್ಕೆ ಹೋದೆವು. ರೀಜನ್ ಪೂರ್ತಿ ಏರಿಸಿ, ಜೋರಾಗಿ ಒತ್ತಿ, ಬಿಟ್ಟು, ರಿವರ್ಸ್ ತಗೊಂಡು, ಏನೇನು ಮಾಡಿದರೂ ಟಕ್ ಇಲ್ಲ. ದೇವರಾಯನದುರ್ಗದ ಏರು ಹತ್ತಿಸಿ ಬಂದು ಹೇಳಿ ಅಂದೆ. ಅಲ್ಲೂ ಇಲ್ಲವಂತೆ.

ಈಗ ನನ್ನ ತಪ್ಪು. ಸದ್ದು ಎಡಕ್ಕೆ ಮಾತ್ರ ಇತ್ತು ಎಂದು ಎಡಕ್ಕೆ ಮಾತ್ರ ಮಾಡಿದೆ. ಒಂದು ನಟ್ಟಿನ ದುಡ್ಡು ಉಳಿಸಿಕೊಟ್ಟೆ ಎಂದು ಒಳಗೊಳಗೇ ಖುಷಿಪಟ್ಟೆ. ಐದು ವಾರಕ್ಕೆ ಮೇಡಂ ಮತ್ತೆ ಬಂದರು. ಈ ಸಲ ಬಲಕ್ಕೆ. ಎರಡು ಶಾಫ್ಟೂ ಒಂದೇ ಗಾಡಿಯಲ್ಲಿ, ಒಂದೇ ಮಳೆಯಲ್ಲಿ ಓಡಿದ್ದು. ಎಡದ್ದು ಒಣಗಿದರೆ ಬಲದ್ದು ಒಣಗದೆ ಇರುತ್ತದೆಯೇ? ಬಹುಶಃ ಅವತ್ತೂ ಸಣ್ಣಗೆ ಇತ್ತು, ಎಡದ ಜೋರಿನಲ್ಲಿ ನನಗೆ ಕೇಳಿಸಲಿಲ್ಲ. ಇಂಜಿನ್ ಸದ್ದಿನಲ್ಲಿ ಚಿಕ್ಕ ಸದ್ದು ಮುಚ್ಚಿಹೋಗುತ್ತದೆ ಎಂದು ಮೇಲೆ ಬರೆದವನೂ ನಾನೇ. ಎರಡನೇ ಸಲದ ಕೂಲಿ ತಗೊಳ್ಳಲಿಲ್ಲ, ನಟ್ಟಿನ ದುಡ್ಡು ಮಾತ್ರ. ಯಾರಾದರೂ ಈ ಕೆಲಸ ಮಾಡಿಸುವುದಾದರೆ ಎರಡೂ ಕಡೆ ಒಟ್ಟಿಗೇ ಮಾಡಿಸಿ.

ನಿಮ್ಮ ಕೊನೆಯ ಪ್ರಶ್ನೆ, ಅಪಾಯವೇ? ಒಣಗಿದ ಮುಖದಿಂದ ಬರುವ ಟಕ್ ಕಿರಿಕಿರಿ, ಅಷ್ಟೇ. ಅದರಿಂದ ಚಕ್ರ ಕಳಚಿ ಬೀಳುವುದಿಲ್ಲ. ಆದರೆ ನಟ್ ಸಡಿಲವಾಗಿದ್ದರೂ ಶುರುವಿನಲ್ಲಿ ಇದೇ ಥರ ಟಕ್ ಅನ್ನಬಹುದು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮಿನ ಬೋಲ್ಟ್ ಸಡಿಲ ಇದ್ದರೂ ಅನ್ನಬಹುದು. ಅವೆರಡೂ ಕಿರಿಕಿರಿಯಲ್ಲ, ನಿಜವಾದ ಅಪಾಯ. ಹೊರಗಿನಿಂದ ಕೇಳಿ ಬೇರೆ ಮಾಡಲು ಆಗುವುದಿಲ್ಲ. ಹಾಗಾಗಿ ತೋರಿಸದೆ ತಿಂಗಳುಗಟ್ಟಲೆ ಓಡಿಸಬೇಡಿ. ವಾರಂಟಿ ಇದ್ದರೆ ಮೊದಲು ಕಂಪನಿಯ ಸರ್ವಿಸ್‌ಗೇ ಹೋಗಿ. ಬಾಯಲ್ಲಿ ಹೇಳಿ ಬರಬೇಡಿ. ‘ಹೊರಡುವಾಗ ಒಂದು ಟಕ್, ರೀಜನ್ ಬಂದಾಗ ಒಂದು ಟಕ್, ಎಡ ಮುಂಚಕ್ರ, ರೀಜನ್ ಸೊನ್ನೆ ಇಟ್ಟರೆ ಇಲ್ಲ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಅಷ್ಟು ಬರೆದರೆ ಲಿಂಕ್ ರಾಡ್ ಬದಲಾಯಿಸಲು ಅವರಿಗೂ ಕೈ ಬರುವುದಿಲ್ಲ.

ಒಂದೇ ಟಕ್ ಎಲ್ಲಾ ಸಲವೂ ಇದೇ ಅಲ್ಲ. ರಿವರ್ಸ್ ತಗೊಂಡು ಮುಂದೆ ಹೋಗಿ ಮೊದಲ ಸಲ ಬ್ರೇಕ್ ಒತ್ತಿದಾಗ ಬಂದರೆ ಅದು ಬ್ರೇಕ್ ಪ್ಯಾಡ್ ತನ್ನ ಮನೆಯೊಳಗೆ ಸರಿದು ಕೂರುವ ಸದ್ದು. ಟಕ್ ಬದಲು ‘ಧಬ್’ ಎಂದು ಪಾದಕ್ಕೆ ತಿಳಿಯುವಂತೆ ಬಂದರೆ ಮೋಟಾರನ್ನು ಹಿಡಿದಿರುವ ಮೌಂಟ್ ನೋಡಿಸಿ. ಹಳೇ ಮೆಕ್ಯಾನಿಕ್‌ಗಳು ಬ್ರೇಕ್ ಒತ್ತಿಕೊಂಡೇ ಎಕ್ಸಲರೇಟರ್ ಕೊಟ್ಟು ಮೌಂಟ್ ಕುಣಿಯುವುದನ್ನು ನೋಡುತ್ತಾರೆ. ನಮ್ಮ ಉಸ್ತಾದ್ ಕಲಿಸಿದ್ದೂ ಹಾಗೇ. ಬಹಳಷ್ಟು ಇವಿಗಳಲ್ಲಿ ಅದು ನಡೆಯುವುದಿಲ್ಲ. ಬ್ರೇಕ್ ಒತ್ತಿದ ಕೂಡಲೇ ಮೋಟಾರಿನ ಬಲ ಕಟ್ ಆಗುತ್ತದೆ.

ಪ್ರಶ್ನೆ: ಸ್ಟಾರ್ಟ್ ಬಟನ್ ಒತ್ತಿದಾಗ ಗಾಡಿಯ ಕೆಳಗಿನಿಂದ ‘ಟಕ್ ಟಕ್’ ಬರುತ್ತದೆ. ಚಾರ್ಜರ್ ಚುಚ್ಚಿದಾಗಲೂ ಬರುತ್ತದೆ. ಗಾಡಿ ನಿಂತೇ ಇರುತ್ತದೆ. ಬ್ಯಾಟರಿ ಒಡೆಯುತ್ತಿದೆಯೇ ಎಂದು ಭಯ.
ಓದುಗರು, ತಿಪಟೂರು

ಉತ್ತರ: ಭಯಪಡಬೇಡಿ. ಬ್ಯಾಟರಿ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್ ಅನ್ನುವ ದೊಡ್ಡ ಸ್ವಿಚ್ಚುಗಳಿವೆ. ತೆಂಗಿನ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಒಳಗೆ ‘ಟಪ್’ ಎಂದು ಕೂರುತ್ತದಲ್ಲ, ಅದೇ ಜಾತಿ. ಗಾಡಿ ಆಫ್ ಇದ್ದಾಗ ಇವು ಬಿಟ್ಟಿರುತ್ತವೆ, ದೊಡ್ಡ ವೋಲ್ಟೇಜ್ ಪೆಟ್ಟಿಗೆಯಿಂದ ಹೊರಗೆ ಬರುವುದಿಲ್ಲ. ಆನ್ ಮಾಡಿದಾಗ ಮೊದಲು ಒಂದು ಚಿಕ್ಕದು ಕೂತು, ತಡೆಯ ಮೂಲಕ ಕರೆಂಟನ್ನು ಮೆಲ್ಲಗೆ ಬಿಡುತ್ತದೆ. ಆಮೇಲೆ ದೊಡ್ಡದು ಕೂರುತ್ತದೆ. ಒಮ್ಮೆಗೇ ಬಿಟ್ಟರೆ ಕಿಡಿ ಹಾರಿ ಸ್ವಿಚ್ಚೇ ಸುಟ್ಟುಹೋಗುತ್ತದೆ. ಹಾಗಾಗಿ ಎರಡು ಟಕ್. ಗಾಡಿ ಓಡುತ್ತಿರುವಾಗ ಈ ಸದ್ದು ಬಂದು, ಜೊತೆಗೆ ಬಲವೂ ಹೋಗಿ ಮೀಟರಿನಲ್ಲಿ ಎಚ್ಚರಿಕೆ ಬಂದರೆ ಆಗ ಪಕ್ಕಕ್ಕೆ ನಿಲ್ಲಿಸಿ ಕಂಪನಿಗೆ ಫೋನ್ ಮಾಡಿ.

ಪ್ರಶ್ನೆ: ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟರೆ ‘ಕಟಕಟಕಟ’. ನೇರ ಹೋದರೆ ಇಲ್ಲ. ಹೊರಗಿನಿಂದ ಗ್ರೀಸ್ ಹೊಡೆದರೆ ಹೋಗುತ್ತದೆಯೇ?
ಓದುಗರು, ಶಿರಾ

ಉತ್ತರ: ಹೋಗುವುದಿಲ್ಲ. ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿದರೂ ಬಲ ಸಾಗಿಸುವ ಡ್ರೈವ್ ಶಾಫ್ಟಿನ ತುದಿಯ ಕೀಲು, ಸವೆದಿದೆ. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿ ಮಣ್ಣು ಒಳಗೆ ಹೋಗಿರಬೇಕು. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದೆಯಾ ನೋಡಿ. ಸದ್ದು ಬರುವ ಮೊದಲೇ ಹರಿದದ್ದು ಕಂಡಿದ್ದರೆ ಬೂಟ್ ಮಾತ್ರ ಬದಲಾಯಿಸಿ ಪಾರಾಗಬಹುದಿತ್ತು. ಈಗ ಒಳಗಿನ ಗುಂಡುಗಳ ದಾರಿಯಲ್ಲಿ ಗುಳಿ ಬಿದ್ದಿದೆ. ಜಾಯಿಂಟನ್ನೇ ಬದಲಾಯಿಸಿ.

ಪ್ರಶ್ನೆ: ಅಣ್ಣಾ, ಕೊರಟಗೆರೆ ದಾರಿಯಲ್ಲಿ ರಸ್ತೆ ಮೇಲೆ ಹುರುಳಿ ಹರಡಿದ್ದರು. ಅದರ ಮೇಲೆ ಹೋದೆ. ಅವತ್ತಿನಿಂದ ನನ್ನ ಇವಿಯಲ್ಲಿ ‘ಟಿಕ್ ಟಿಕ್ ಸರಸರ’ ಸದ್ದು. ವೇಗ ಜಾಸ್ತಿ ಮಾಡಿದರೆ ಬೇಗ ಬೇಗ ಬರುತ್ತದೆ. ಏನಾಗಿರಬಹುದು?
ಓದುಗರು, ಮಧುಗಿರಿ

ಉತ್ತರ: ತಮ್ಮಾ, ಸುಗ್ಗಿ ಬಂತು ಅಂದರೆ ನಮ್ಮ ಗ್ಯಾರೇಜಿಗೂ ಸುಗ್ಗಿ. ಕಣ ಮಾಡುವವರು ಕಮ್ಮಿಯಾದರು, ಟಾರು ರಸ್ತೆಯೇ ಕಣ, ನಮ್ಮ ಗಾಡಿಗಳೇ ರೋಣಗಲ್ಲು. ಬೆಳೆದವರ ಕಷ್ಟ ನನಗೆ ಗೊತ್ತು, ನಾನೂ ಗುಬ್ಬಿ ಕಡೆಯ ರೈತನ ಮಗ. ಆದರೆ ಹುರುಳಿ ಬಳ್ಳಿ ಮಾತ್ರ ಬಹಳ ಕೆಟ್ಟದ್ದು. ರಾಗಿ ಹುಲ್ಲಿಗಿಂತ ಇದು ಹಗ್ಗದ ಥರ ಸುತ್ತಿಕೊಳ್ಳುತ್ತದೆ. ತಿರುಗುವ ಶಾಫ್ಟಿಗೆ ಒಂದು ಎಳೆ ಸಿಕ್ಕಿದರೆ ಉಳಿದದ್ದನ್ನು ಅದೇ ಎಳೆದುಕೊಳ್ಳುತ್ತದೆ. ಸುತ್ತಿದ ಉಂಡೆಯ ತುದಿ ಚಕ್ರದ ಸುತ್ತಿಗೊಮ್ಮೆ ಯಾವುದಕ್ಕೋ ಬಡಿಯುತ್ತದೆ, ಅದೇ ನಿನ್ನ ಟಿಕ್ ಟಿಕ್. ಹಾಗೇ ಬಿಟ್ಟರೆ ಬೂಟಿನ ರಬ್ಬರನ್ನು ಉಜ್ಜಿ ಹರಿಯುತ್ತದೆ. ಆಮೇಲೆ ಮೇಲಿನ ಶಿರಾದವರ ಕಥೆಯೇ ನಿನ್ನದೂ. ಪೆಟ್ರೋಲ್ ಡೀಸೆಲ್ ಗಾಡಿಗಳಿಗೆ ಇನ್ನೂ ಕಷ್ಟ, ಬಿಸಿ ಸೈಲೆನ್ಸರ್ ಪೈಪಿಗೆ ಒಣ ಹುಲ್ಲು ತಾಗಿದರೆ ಬೆಂಕಿ ಹತ್ತಬಹುದು. ನಿನಗೆ ಸೈಲೆನ್ಸರ್ ಇಲ್ಲ, ಅಷ್ಟು ಪುಣ್ಯ.

ಗಾಡಿ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿಟ್ಟು ಟಾರ್ಚ್ ಬಿಟ್ಟು ನೋಡು. ಕಂಡರೆ ಕತ್ತರಿಯಲ್ಲಿ ಸ್ವಲ್ಪ ಸ್ವಲ್ಪವೇ ಕತ್ತರಿಸಿ ತೆಗಿ. ಕುಡುಗೋಲು ಹಾಕಬೇಡ, ಬೂಟಿಗೂ ಅಲ್ಲೇ ಪಕ್ಕದ ಸೆನ್ಸರ್ ವೈರಿಗೂ ತಾಗುತ್ತದೆ. ಜಾಕಿ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತೂರಬೇಡ, ಅಷ್ಟು ಒಳಗಿದ್ದರೆ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗು. ಎಲ್ಲಾ ತೆಗೆದ ಮೇಲೆ ಬೂಟಿನ ಮಡಿಕೆಗಳನ್ನು ಬೆರಳಿನಲ್ಲಿ ಬಿಡಿಸಿ ಸೀಳು ಇದೆಯಾ ನೋಡು. ತೆಗೆದ ಬಳ್ಳಿಯನ್ನು ಮೇಕೆಗೆ ಹಾಕಬೇಡ, ಗ್ರೀಸ್ ಹತ್ತಿರುತ್ತದೆ.